ಆರು ಗುಂಡಿನ ಅಧ್ಯಕ್ಷರು

ಕುರ್ಚಿಯಲ್ಲಿ ಕೂರುವ ಮೊದಲು ಅವರು ಬಿಳಿ ಅಂಗಿಯ ಬಲಬದಿಯ ಅಂಚನ್ನು ಎರಡು ಬೆರಳಿನಿಂದ ಎತ್ತಿ ಹಿಂದಕ್ಕೆ ಸರಿಸುತ್ತಿದ್ದರು. ಸೊಂಟಪಟ್ಟಿಗೆ ಸಿಕ್ಕಿಸಿದ ಚರ್ಮದ ಚೀಲ, ಅದರ ಬಾಯಿಂದ ಹೊರಗೆ ಚಾಚಿದ ಕಂದು ಮರದ ಹಿಡಿ. ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಅಲ್ಲಿಗೆ ಹೋಗಿ ಬಂತೆಂದು ಖಾತ್ರಿಯಾದ ಮೇಲೆಯೇ ಕೂತು, "ಹಾಂ, ಎಂತ ಸುದ್ದಿ" ಎನ್ನುತ್ತಿದ್ದರು. ಹೊಸಬರು ಯಾರಾದರೂ ನೋಡದೆ ಬಿಟ್ಟರೆ ಎದ್ದು, ಕುರ್ಚಿ ಸರಿಯಿಲ್ಲವೆಂಬಂತೆ ಒಂದಿಷ್ಟು ಅತ್ತಿತ್ತ ಮಾಡಿ, ಮತ್ತೊಮ್ಮೆ ಅಂಗಿ ಎತ್ತಿ ಕೂರುತ್ತಿದ್ದರು.

ಅವರು ನಮ್ಮ ಹೈಸ್ಕೂಲಿನ ಆಡಳಿತ ಮಂಡಳಿಯ ಅಧ್ಯಕ್ಷರು. ಶಾಲೆ ಇರುವುದು ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ. ನಾನು ಅಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದವನು, ಕೊನೆಯ ಆರು ವರ್ಷ ಹೆಡ್ ಮಾಸ್ತರನೂ ಆಗಿದ್ದವನು. ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿಯ ಜೊತೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು, ಕೆಳಗೆ 'ಧೀರ, ಶಿಕ್ಷಣಪ್ರೇಮಿ' ಎಂದು ಅಚ್ಚಾಗಿತ್ತು. ಶಿಕ್ಷಣಪ್ರೇಮದ ಬಗ್ಗೆ ಬೇರೆಯವರು ಬರೆಯಲಿ. ಅವರ ಧೈರ್ಯದ ಬಗ್ಗೆ ನನಗೆ ಸ್ವಲ್ಪ ಗೊತ್ತಿದೆ. ಅದರ ಪಕ್ಕದಲ್ಲೇ ಕೂತಿದ್ದ ನಮ್ಮೆಲ್ಲರ ಧೈರ್ಯದ ಬಗ್ಗೆ ಇನ್ನೂ ಚೆನ್ನಾಗಿ ಗೊತ್ತಿದೆ.

ಆ ರಿವಾಲ್ವರು ಅವರ ತಂದೆಯದು. ತಂದೆ ಮರದ ಕಂತ್ರಾಟುದಾರರು, ಕಾಡಿನಲ್ಲಿ ಓಡಾಡಿದವರು, ಅವರಿಗೆ ಒಂದು ಕಾರಣವಾದರೂ ಇತ್ತು. ಮಗನಿಗೆ ಕುಮಟೆ ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಮಧ್ಯಾಹ್ನ ಊಟಕ್ಕೆ ಮುಚ್ಚುವ, ಊಟದ ಮೇಲೆ ಒಂದು ನಿದ್ದೆ ತೆಗೆದು ತೆರೆಯುವ ಅಂಗಡಿ. ಅವರ ಜೀವಕ್ಕೆ ಅಪಾಯ ಯಾರಿಂದ ಎಂದು ಕೇಳಿದರೆ ಗಂಭೀರರಾಗಿ, "ಅದೆಲ್ಲ ಹೇಳುವಂಥದ್ದಲ್ಲ" ಎನ್ನುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರ ಮೇಲೆ ಆದ ಒಂದೇ ದಾಳಿ ಮಂಗಗಳದ್ದು. ಹಿತ್ತಲಿನ ಎಳನೀರು ಕೀಳುತ್ತಿದ್ದ ಹಿಂಡಿಗೆ ಇವರು ರಿವಾಲ್ವರು ತೋರಿಸಿ ನಿಂತರಂತೆ. ಮಂಗಗಳು ನೋಡಿದವು, ಮತ್ತೆ ಕೆಲಸ ಮುಂದುವರಿಸಿದವು. ಕೊನೆಗೆ ಅವರ ಹೆಂಡತಿ ಹೊರಗೆ ಬಂದು ಸ್ಟೀಲಿನ ತಟ್ಟೆ ಬಡಿದು ಓಡಿಸಿದರು. ಇದನ್ನು ಹೇಳಿದವರು ಆ ತಾಯಿಯೇ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ ನಮ್ಮ ಟೀಚರುಗಳ ನಡುವೆ ಕೂತು, ಗಂಡ ವೇದಿಕೆಯ ಮೇಲೆ ಅಂಗಿ ಎತ್ತಿ ಕೂರುವುದನ್ನೇ ನೋಡುತ್ತಾ ಹೇಳಿದ್ದರು.

ಭಟ್ಕಳದ ಒಬ್ಬ ಹಿರಿಯ ನವಾಯತ ಮುಸ್ಲಿಂ ವ್ಯಾಪಾರಿ ಅವರ ಗೆಳೆಯರು, ಶಾಲೆಗೆ ಬೆಂಚು ಕೊಡಿಸಿದವರು. ಅವರ ಮೊಮ್ಮಗಳ ಮದುವೆಗೆ ಅಧ್ಯಕ್ಷರ ಜೊತೆ ನಾನೂ ಹೋಗಿದ್ದೆ. ಊಟಕ್ಕೆ ಕೂರುವಾಗ ಅಧ್ಯಕ್ಷರು ವಾಡಿಕೆಯಂತೆ ಅಂಗಿ ಎತ್ತಿದರು. ಆ ಹಿರಿಯರು ಹತ್ತಿರ ಬಂದು, ಬಿರಿಯಾನಿಯ ತಟ್ಟೆ ತಾವೇ ಮುಂದಿಟ್ಟು, ಸಣ್ಣ ದನಿಯಲ್ಲಿ, "ಊಟಕ್ಕೆ ಬಂದದ್ದಾ, ಕಾವಲಿಗೆ ಬಂದದ್ದಾ? ಕಾವಲಿಗಾದ್ರೆ ಗೇಟಿನ ಹತ್ರ ಕುರ್ಚಿ ಹಾಕಿಸ್ತೆ" ಎಂದರು. ಅಧ್ಯಕ್ಷರು ಅಂಗಿ ಇಳಿಸಿದರು. ವಾಪಸು ಬರುವಾಗ, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದ ಮೇಲೆ, "ದೊಡ್ಡವರ ತಮಾಷೆ ಅದು" ಎಂದರು. ನಾನು ಹೌದೆಂದೆ.

ಚುನಾವಣೆ ಬಂದಾಗ ಮಾತ್ರ ಅವರ ಪಾಡು ನೋಡಲಾಗುತ್ತಿರಲಿಲ್ಲ. ಪರವಾನಗಿ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ರಸೀದಿ ತೆಗೆದುಕೊಳ್ಳಬೇಕು. ಆ ಎರಡು ತಿಂಗಳು ಅವರು ಸೊಂಟದಲ್ಲಿ ಕನ್ನಡಕದ ಪೆಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಅಂಗಿಯ ಮೇಲಿಂದ ಉಬ್ಬು ಕಾಣಲಿ ಎಂದು. ಒಂದು ಸಲ ಠಾಣೆಗೆ ನಾನೂ ಜೊತೆಗೆ ಹೋಗಿದ್ದೆ. ಬಂದೂಕುಗಳನ್ನು ಬರೆದುಕೊಳ್ಳುತ್ತಿದ್ದವರು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಅಧ್ಯಕ್ಷರು ರಿವಾಲ್ವರನ್ನು ಮೇಜಿನ ಮೇಲೆ ಇಟ್ಟಾಗ ಅದರ ನಳಿಗೆ ಸೀದಾ ಆಕೆಯ ಹೊಟ್ಟೆಯತ್ತ ಇತ್ತು. ಆಕೆ ಬರೆಯುವುದನ್ನು ನಿಲ್ಲಿಸಿ, ಎದ್ದು ಪಕ್ಕಕ್ಕೆ ಸರಿದು, "ಬಾಯಿ ಗೋಡೆ ಕಡೆ ಮಾಡಿ ಸರ್. ಗುಂಡು ತೆಗೆದು ಕೊಡಿ" ಎಂದರು. ಗುಂಡು ತೆಗೆಯಲು, ಅವು ಕೂರುವ ಆರು ಮನೆಗಳ ಉರುಳೆ ಹೊರಕ್ಕೆ ಬರಬೇಕು. ಅಧ್ಯಕ್ಷರು ಒತ್ತಿದರು, ಎಳೆದರು, ಊದಿದರು. ಸಮುದ್ರದ ಗಾಳಿಗೆ ಅದು ಕಚ್ಚಿಕೊಂಡಿತ್ತು. ಕೊನೆಗೆ ಆಕೆಯೇ ಒಳಗಿಂದ ತೆಂಗಿನೆಣ್ಣೆ ತರಿಸಿ ನಾಲ್ಕು ಹನಿ ಬಿಟ್ಟು ತೆಗೆದರು. ಆರು ಮನೆಯಲ್ಲೂ ಗುಂಡು. ಇದನ್ನು ಕೊನೆಯ ಸಲ ಬಿಚ್ಚಿದ್ದು ಯಾವಾಗ ಎಂದು ಕೇಳಿದರು. ಅಧ್ಯಕ್ಷರು, ಹೋದ ಚುನಾವಣೆಯಲ್ಲಿ ನೀವೇ ಬಿಚ್ಚಿದ್ದು, ಎಂದರು.

ಹಾಗೆಂದು ಅವರು ಕೆಟ್ಟವರಲ್ಲ. ಎಂಟನೇ ತರಗತಿಯ ಒಬ್ಬ ಹುಡುಗಿಗೆ ಶಾಲೆಯ ಬೇಲಿಯ ಹತ್ತಿರ ಹಾವು ಕಚ್ಚಿದಾಗ, ಆಂಬುಲೆನ್ಸಿಗೆ ಕಾಯದೆ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಾವೇ ಓಡಿಸಿ ಕುಮಟೆಯ ಆಸ್ಪತ್ರೆಗೆ ಮುಟ್ಟಿಸಿದವರು ಅವರು. ಹುಡುಗಿ ಉಳಿದಳು. ಪ್ರತಿ ಮಗುವನ್ನೂ ಅಪ್ಪನ ಹೆಸರು ಹಿಡಿದು ವಿಚಾರಿಸುತ್ತಿದ್ದರು. ಆದರೆ ಆ ಹಾವಿನ ಕತೆಯನ್ನು ಹೇಳುವಾಗ ಕಾರಿನ ಮಾತು ಒಂದು ಸಾಲು, ರಿವಾಲ್ವರಿನ ಮಾತು ಹತ್ತು ಸಾಲು. ಕೈಯಲ್ಲಿ ಅದನ್ನು ಹಿಡಿದು ಬೇಲಿ ಸುತ್ತ ಹಾವು ಹುಡುಕಿದ್ದೇ ಅವರಿಗೆ ಮುಖ್ಯವಾಗಿತ್ತು. ನಿಜವಾದ ಧೈರ್ಯ ಮಾಡಿದ್ದು ಯಾವಾಗ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಶಾಲೆಯ ಮೀಟಿಂಗುಗಳಲ್ಲಿ ಅವರು ರಿವಾಲ್ವರನ್ನು ಸೊಂಟದಿಂದ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಕೂತರೆ ಹೊಟ್ಟೆಗೆ ಒತ್ತುತ್ತದೆ ಎಂಬುದು ಕಾರಣ. ಉದ್ದನೆಯ ಮೇಜು, ಒಂದು ತುದಿಗೆ ಅವರು, ಎರಡು ಬದಿಗೆ ಹನ್ನೆರಡು ಮಂದಿ ಶಿಕ್ಷಕರು. ನಳಿಗೆ ಯಾರತ್ತ ಮುಖ ಮಾಡಿ ಕೂತಿದೆ ಎಂಬುದು ಆ ದಿನದ ಅದೃಷ್ಟ. ಕಾಲಕ್ರಮೇಣ ಅದಕ್ಕೂ ಒಂದು ವ್ಯವಸ್ಥೆಯಾಯಿತು. ಅವರು ಬಲಗೈಯಿಂದ ತೆಗೆದಿಡುವುದರಿಂದ ನಳಿಗೆ ಸಾಮಾನ್ಯವಾಗಿ ಎಡಸಾಲಿನ ಮೂರನೆಯ ಕುರ್ಚಿಯ ಕಡೆ ಇರುತ್ತಿತ್ತು. ಆ ಕುರ್ಚಿ ಹೊಸದಾಗಿ ಸೇರಿದವರಿಗೆ. ಸೇವಾಜ್ಯೇಷ್ಠತೆಯಲ್ಲಿ ಮೇಲೇರಿದಂತೆ ಒಬ್ಬೊಬ್ಬರೇ ಬಲಸಾಲಿಗೆ ದಾಟುತ್ತಿದ್ದೆವು. ಹಿಂದಿ ಟೀಚರು ಸೇರಿದ ಹೊಸದರಲ್ಲಿ, ಆ ಕುರ್ಚಿಯೊಂದೇ ಯಾಕೆ ಖಾಲಿ ಇದೆ ಎಂದು ಕೇಳಿದ್ದರು. ಫ್ಯಾನಿನ ಗಾಳಿ ಅಲ್ಲಿ ಚೆನ್ನಾಗಿ ಬರುತ್ತದೆ, ನಿಮಗೆಂದೇ ಇಟ್ಟದ್ದು ಎಂದು ನಾನು ಹೇಳಿದೆ. ಮಕ್ಕಳಿಗೆ ಪ್ರತಿ ಸೋಮವಾರ ಸತ್ಯ, ಧೈರ್ಯ, ನ್ಯಾಯದ ಬಗ್ಗೆ ಎರಡು ಮಾತು ಹೇಳುತ್ತಿದ್ದವರು ನಾವು.

ಇದಕ್ಕೆ ಸೊಪ್ಪು ಹಾಕದವರು ಡ್ರಿಲ್ ಮಾಸ್ತರರೊಬ್ಬರೇ. ಮಾವಿನಕುರ್ವೆಯವರು, ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತಿಯಾಗಿ ಬಂದು, ಮಂಡಳಿಯ ಗುತ್ತಿಗೆಯ ಮೇಲೆ ನಮ್ಮಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಮೊದಲನೇ ಮೀಟಿಂಗಿನಲ್ಲೇ ಅವರು ಕುರ್ಚಿ ಎತ್ತಿಕೊಂಡು ಹೋಗಿ ಅಧ್ಯಕ್ಷರ ಬೆನ್ನ ಹಿಂದೆ ಹಾಕಿ ಕೂತರು. ಇದೆಂತ ಮಾಸ್ತರೆ ಎಂದು ಅಧ್ಯಕ್ಷರು ಕೇಳಿದ್ದಕ್ಕೆ, ಬಂದೂಕಿನ ಹಿಂದೆ ಕೂರುವುದು ತನ್ನ ಅಭ್ಯಾಸ ಎಂದರು. ಮೀಟಿಂಗ್ ಮುಗಿದ ಮೇಲೆ ಅಧ್ಯಕ್ಷರ ಹತ್ತಿರ ನಿಂತು ನೆಟ್ಟಗೆ ವಿಷಯ ತೆಗೆದರು.

ಅವರು ಹೇಳಿದ್ದು ಇಷ್ಟು. ರಿವಾಲ್ವರಿನ ಹಿಂಭಾಗದಲ್ಲಿ, ಗುಂಡಿನ ಬೆನ್ನಿಗೆ ಬಡಿಯುವ ಒಂದು ಪುಟ್ಟ ಸುತ್ತಿಗೆಯಂಥದ್ದು ಇರುತ್ತದೆ, ಅದೇ ಹ್ಯಾಮರು. ಈಗಿನ ಬಂದೂಕುಗಳಲ್ಲಿ ಆ ಹ್ಯಾಮರಿಗೂ ಗುಂಡಿಗೂ ನಡುವೆ ಒಳಗೇ ಒಂದು ಅಡ್ಡ ತಡೆ ಇರುತ್ತದೆ. ಬೆರಳಿನಿಂದ ಒತ್ತಿದರೆ ಮಾತ್ರ ತಡೆ ಸರಿಯುತ್ತದೆ, ಕೈತಪ್ಪಿ ಬಿದ್ದರೆ ಸರಿಯುವುದಿಲ್ಲ. ಇದು ಹಳೆಯದು, ಇದರಲ್ಲಿ ಅಂಥ ತಡೆ ಇಲ್ಲ. ಹ್ಯಾಮರು ಗುಂಡಿನ ಬೆನ್ನ ಮೇಲೇ ಕೂತಿದೆ. ಹ್ಯಾಮರು ಕೆಳಗಾಗಿ ನೆಲಕ್ಕೆ ಬಿದ್ದರೆ ಆ ಪೆಟ್ಟು ಸೀದಾ ಗುಂಡಿಗೆ. ಅದಕ್ಕೇ ಹಿಂದಿನವರು ಇಂಥದ್ದರಲ್ಲಿ ಐದೇ ಗುಂಡು ತುಂಬಿ, ಹ್ಯಾಮರಿನ ಎದುರಿನ ಮನೆಯನ್ನು ಖಾಲಿ ಬಿಡುತ್ತಿದ್ದರು.

"ಶಾಲೆಗೆ ತರುದೇ ಬೇಡ ಸರ್. ತಂದ್ರೂ ಮೇಜಿನ ಮೇಲೆ ಬೇಡ. ಇಟ್ಟೇ ಇಡ್ತೆ ಅಂದ್ರೆ ಖಾಲಿ ಮಾಡಿ ಇಡಿ" ಎಂದರು ಡ್ರಿಲ್ ಮಾಸ್ತರರು.

ಅಧ್ಯಕ್ಷರು ನಮ್ಮೆಲ್ಲರ ಮುಖ ನೋಡಿ ನಕ್ಕರು. "ಆರು ಮನೆ ಕೊಟ್ಟದ್ದು ಐದು ತುಂಬ್ಲಿಕ್ಕಾ ಮಾಸ್ತರೆ? ಕಂಪನಿಯವ ಹುಚ್ಚನಾ? ನಮ್ಮಪ್ಪನ ಕೈಯಿಂದ ಬೀಳ್ಲಿಲ್ಲ, ನನ್ನ ಕೈಯಿಂದ ಬೀಳುದಿಲ್ಲ."

ನಾವೂ ನಕ್ಕೆವು. ಅಧ್ಯಕ್ಷರು ನಕ್ಕಾಗ ನಗುವುದು ನಮ್ಮ ಸೇವಾ ನಿಯಮದಲ್ಲಿ ಬರೆದಿರಲಿಲ್ಲ, ಆದರೆ ಯಾರೂ ಮರೆತದ್ದಿಲ್ಲ.

ಮರುದಿನ ಡ್ರಿಲ್ ಮಾಸ್ತರರು ಪ್ರಯೋಗಾಲಯಕ್ಕೆ ಬಂದರು. ನೀವು ಸಾಯನ್ಸಿನವರು, ಬೀಳುವ ವಸ್ತುವಿನ ಪೆಟ್ಟು ಎಲ್ಲಿಗೆ ಹೋಗುತ್ತದೆ ಎಂದು ನೀವು ಹೇಳಿದರೆ ಅವರು ಕೇಳಬಹುದು ಎಂದರು. ನನಗೆ ಅದು ಗೊತ್ತಿತ್ತು. ಒಂಬತ್ತನೇ ತರಗತಿಗೆ ಅದೇ ವಾರ ಅದೇ ಪಾಠ ಮಾಡಿದ್ದೆ, ಕಪ್ಪುಹಲಗೆಯ ಡಸ್ಟರು ಬೀಳಿಸಿ ತೋರಿಸಿದ್ದೆ. "ನೋಡುವಾ, ಸಮಯ ನೋಡಿ ಹೇಳ್ತೆ" ಎಂದೆ. ಆಗಿನ ಹೆಡ್ ಮಾಸ್ತರರು ಎರಡು ವರ್ಷದಲ್ಲಿ ನಿವೃತ್ತರಾಗುವವರಿದ್ದರು, ಮುಂದಿನ ಸರದಿ ನನ್ನದು. ಸರಿಯಾದ ಸಮಯ ಬರಲೇ ಇಲ್ಲ. ನಾನು ಅದನ್ನು ಹುಡುಕಲೂ ಇಲ್ಲ.

ಅದಾಗಿ ಮೂರು ತಿಂಗಳಿಗೆ, ಹತ್ತನೇ ತರಗತಿಯ ಫಲಿತಾಂಶದ ಮೀಟಿಂಗು. ಮೇ ತಿಂಗಳ ಮಧ್ಯಾಹ್ನ, ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಗಣಿತದಲ್ಲಿ ಯಾಕೆ ಇಷ್ಟು ಮಂದಿ ಬಿದ್ದರು ಎಂದು ಅಧ್ಯಕ್ಷರು ಗದರುತ್ತಿದ್ದರು. ಗಣಿತದ ಮಾಸ್ತರರು ಒಂದು ಫೈಲನ್ನು ಮೇಜಿನ ಮೇಲೆ ಮುಂದೆ ತಳ್ಳಿದರು. ಅದೇ ಹೊತ್ತಿಗೆ ಮಾದೇವಿ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು.

ಮಾದೇವಿ ನಮ್ಮ ಶಾಲೆಯ ಆಯಾ. ಅಘನಾಶಿನಿ ಊರಿನವಳು. ಶಾಲೆಯ ದಿನಗಳಲ್ಲಿ ಗಂಟೆ ಬಾರಿಸುವುದು, ಗುಡಿಸುವುದು, ಚಹಾ ಮಾಡುವುದು. ರಜೆ ಬಂದರೆ ನೀರಿಳಿತ ನೋಡಿಕೊಂಡು ಹೊಳೆಯ ಕೆಸರಿನಲ್ಲಿ ಕೂತು ಬಳಚು ಚಿಪ್ಪುಮೀನು ಹೆಕ್ಕುವುದು. ಬಲಗೈಯಿಂದ ಕೆದಕಿ ಎಡಗೈಯಿಂದ ಹೆಕ್ಕುವ ಅವಳ ವೇಗವನ್ನು ಆ ದಂಡೆಯಲ್ಲಿ ಎಲ್ಲರೂ ಹೊಗಳುತ್ತಿದ್ದರು.

ಅವಳು ಅಧ್ಯಕ್ಷರ ಪಕ್ಕಕ್ಕೆ ಬಂದು ತಟ್ಟೆ ಚಾಚಿದಳು. ಅಧ್ಯಕ್ಷರು ಸಿಟ್ಟಿನಲ್ಲಿ ಫೈಲನ್ನು ತಮ್ಮತ್ತ ಎಳೆದರು. ಫೈಲಿನ ಮೂಲೆ ರಿವಾಲ್ವರಿನ ಹಿಡಿಗೆ ತಾಗಿತು. ಅದು ಜಾರಿ, ಮೇಜಿನ ಅಂಚಿನಲ್ಲಿ ಒಮ್ಮೆ ಮಗುಚಿ, ಹಿಂಬದಿ ಕೆಳಗಾಗಿ ನೆಲಕ್ಕೆ ಬಿತ್ತು.

ಆ ಶಬ್ದದ ನಂತರ ಸ್ವಲ್ಪ ಹೊತ್ತು ನನಗೆ ಏನೂ ಕೇಳಿಸಲಿಲ್ಲ. ಮೇಲಿನಿಂದ ಹೆಂಚಿನ ಚೂರು ಬಿತ್ತು, ಅಲ್ಲೊಂದು ತೂತಿನಿಂದ ಬಿಸಿಲು ಇಳಿಯಿತು. ಗ್ಲಾಸುಗಳು ಒಡೆದಿದ್ದವು. ಮಾದೇವಿ ನಿಂತೇ ಇದ್ದಳು. ತಟ್ಟೆ ಕೈಯಲ್ಲಿ ಇರಲಿಲ್ಲ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದಳು, ಸೀರೆಯ ಮೇಲೆ ಕೆಂಪು ಹರಡುತ್ತಿತ್ತು. ನೆಲದ ಮೇಲೆ ಚೆಲ್ಲಿದ ಚಹಾ ನೋಡಿ, "ಬಟ್ಟೆ ತರ್ತೆ" ಎಂದಳು.

ನಾವು ಹನ್ನೊಂದು ಮಂದಿ ಗೋಡೆಗೆ ಅಂಟಿದ್ದೆವು. ಡ್ರಿಲ್ ಮಾಸ್ತರರು ಹಿಂದಿನಿಂದ ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕೈಯನ್ನು ಮೇಲಕ್ಕೆತ್ತಿ, ತಮ್ಮ ಟವೆಲಿನಿಂದ ಬಿಗಿಯಾಗಿ ಸುತ್ತಿ ಒತ್ತಿ ಹಿಡಿದರು. ಅಧ್ಯಕ್ಷರು ಬಗ್ಗಿ ರಿವಾಲ್ವರನ್ನು ಎತ್ತಿಕೊಂಡರು, ಅಂಗಿಯ ಅಂಚಿನಿಂದ ಒರೆಸಿದರು, ಚೀಲಕ್ಕೆ ಸೇರಿಸಿದರು. ಆ ಕೋಣೆಯಲ್ಲಿ ಅವರು ಆಡಿದ ಮೊದಲ ಮಾತು ನನಗೆ ಈಗಲೂ ಹಾಗೇ ನೆನಪಿದೆ.

"ನಾನು ಒತ್ಲಿಲ್ಲ. ಅದು ಬಿದ್ದದ್ದು. ಎಲ್ಲರೂ ನೋಡಿದ್ರಲಾ?"

ತಮ್ಮ ಡ್ರೈವರನ್ನು ಕರೆದು, ಮಾದೇವಿಯನ್ನು ದೂರದ ಒಬ್ಬ ಪರಿಚಯದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗು ಎಂದರು. ಡ್ರಿಲ್ ಮಾಸ್ತರರು ಅವಳ ಜೊತೆ ಕಾರು ಹತ್ತಿದರು. ಹೆದ್ದಾರಿಗೆ ಬಂದ ಮೇಲೆ ಡ್ರೈವರನ ಭುಜದ ಮೇಲೆ ಕೈಯಿಟ್ಟು, ಹತ್ತಿರದ್ದು ಕುಮಟೆಯ ಸರ್ಕಾರಿ ಆಸ್ಪತ್ರೆ, ಅಲ್ಲಿಗೇ ಹೋಗಬೇಕು ಎಂದರಂತೆ. ಆ ದನಿಗೆ ಡ್ರೈವರ ಕಾರನ್ನು ಅತ್ತಲೇ ತಿರುಗಿಸಿದ. ಅಲ್ಲಿಯ ಡಾಕ್ಟರರು ನೋಡಿದ ಕೂಡಲೇ ಗುಂಡಿನ ಗಾಯವೆಂದು ಬರೆದು, ಠಾಣೆಗೆ ತಿಳಿಸಿದರು.

ಇದು ನಮಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾವು ಶಾಲೆಯಲ್ಲಿ ಕುಕ್ಕರು ಒಡೆಯುತ್ತಿದ್ದೆವು.

ಹೆಡ್ ಮಾಸ್ತರರ ಯೋಚನೆ ಅದು. ಚಹಾ ಮಾಡುವ ಕೋಣೆಯಲ್ಲಿ ಪ್ರೆಶರ್ ಕುಕ್ಕರು ಸಿಡಿದು ಆಯಾಳ ಕೈಗೆ ಪೆಟ್ಟಾಯಿತು ಎಂದು ಬರೆದಿಡುವುದು, ಎಲ್ಲರೂ ಸಹಿ ಮಾಡುವುದು. ಶಾಲೆಯ ಮರ್ಯಾದೆ, ಅನುದಾನ, ಮಕ್ಕಳ ಭವಿಷ್ಯ, ಎಲ್ಲದರ ಹೆಸರೂ ಬಂತು. ಮಾದೇವಿಯ ಹೆಸರು ಬರಲಿಲ್ಲ. ಬರೆಯುವವರು ಯಾರು ಎಂದಾಗ ಅಧ್ಯಕ್ಷರು ನನ್ನತ್ತ ನೋಡಿ, "ನೀವು ಬರೀರಿ. ಒತ್ತಡ, ಉಗಿ, ಅದೆಲ್ಲ ನಿಮಗೆ ಗೊತ್ತಿದ್ದದ್ದಲಾ" ಎಂದರು.

ನಾನು ಬರೆದೆ. ಸುಮ್ಮನೆ ಬರೆಯಲಿಲ್ಲ, ಚೆನ್ನಾಗಿ ಬರೆದೆ. ತೂತು ಕಟ್ಟಿಕೊಂಡರೆ ಉಗಿಯ ಒತ್ತಡ ಹೇಗೆ ಏರುತ್ತದೆ, ಸೀಟಿಯ ಭಾರದ ತುಂಡು ಯಾವ ವೇಗದಲ್ಲಿ ಹಾರಬಹುದು, ಅದು ಕೈಗೆ ಬಡಿದರೆ ಎಂಥ ಗಾಯವಾದೀತು. ಕ್ರಮವಾಗಿ, ಒಂದು ಪುಟ. ಇಪ್ಪತ್ತು ವರ್ಷ ಕಲಿಸಿದ ವಿಜ್ಞಾನ ಅಷ್ಟು ಸಲೀಸಾಗಿ ಕೈಗೆ ಬಂದದ್ದು ಅದೇ ಮೊದಲು. ಹನ್ನೊಂದು ಸಹಿ ಬಿದ್ದವು. ಎಡಸಾಲಿನ ಮೂರನೇ ಕುರ್ಚಿಯ ಹಿಂದಿ ಟೀಚರು ಸಹಿ ಮಾಡುವಾಗ ಅಳುತ್ತಿದ್ದರು.

ಸಂಜೆ ಐದರ ಹೊತ್ತಿಗೆ ಪೊಲೀಸ್ ಜೀಪು ಬಂತು. ಇಳಿದವರು ಅದೇ ಹೆಡ್ ಕಾನ್‌ಸ್ಟೇಬಲ್. ಹೆಡ್ ಮಾಸ್ತರರು ನಮ್ಮ ಹೇಳಿಕೆ ಕೊಟ್ಟರು. ಆಕೆ ನಿಂತಲ್ಲೇ ನಿಧಾನವಾಗಿ ಪೂರ್ತಿ ಓದಿದರು, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು. ಕುಕ್ಕರ್ ಎಲ್ಲಿ ಎಂದು ಕೇಳಿದರು. ಆಗ ನಮಗೆಲ್ಲ ಒಟ್ಟಿಗೇ ಹೊಳೆಯಿತು: ನಮ್ಮ ಶಾಲೆಯಲ್ಲಿ ಕುಕ್ಕರೇ ಇರಲಿಲ್ಲ. ಮಾದೇವಿ ಚಹಾ ಮಾಡುತ್ತಿದ್ದದ್ದು ಅಲ್ಯೂಮಿನಿಯಮ್ ಪಾತ್ರೆಯಲ್ಲಿ.

ನಮಗೆಲ್ಲ ಎಂದರೆ ತಪ್ಪಾದೀತು. ಹೆಡ್ ಮಾಸ್ತರರಿಗೆ ಮೊದಲೇ ಹೊಳೆದಿತ್ತು. ಅವರು ಗುಮಾಸ್ತನನ್ನು ಪೇಟೆಗೆ ಕಳಿಸಿದ್ದರು. ಜೀಪಿನ ಹಿಂದೆಯೇ ಅವನ ರಿಕ್ಷಾ ಬಂದು ನಿಂತಿತು. ಅವನು ಪೆಟ್ಟಿಗೆಯಲ್ಲಿದ್ದ ಹೊಸ ಕುಕ್ಕರನ್ನು ಎರಡೂ ಕೈಯಲ್ಲಿ ಹಿಡಿದು ಇಳಿದ, ಪೊಲೀಸರನ್ನು ಕಂಡು ಅಲ್ಲೇ ನಿಂತ. ಪೆಟ್ಟಿಗೆಗೆ ಅಂಟಿಸಿದ ಟೇಪು ಬಿಚ್ಚಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ನನ್ನತ್ತ ತಿರುಗಿ, "ಬರೆದವರು ನೀವಾ ಸರ್? ಇದು ಇನ್ನೂ ಪೆಟ್ಟಿಗೆಯಿಂದ ಹುಟ್ಲೇ ಇಲ್ಲ. ಒಡೆದದ್ದು ಹೇಗೆ?" ಎಂದರು. ಆಕೆ ಮೀಟಿಂಗಿನ ಕೋಣೆಗೆ ಹೋಗಿ ಮೇಲೆ ನೋಡಿದರು. ಹೆಂಚಿನ ತೂತಿನಿಂದ ಆಗಲೂ ಒಂದಿಷ್ಟು ಬೆಳಕು ಬೀಳುತ್ತಿತ್ತು. ಅಧ್ಯಕ್ಷರ ಮುಂದೆ ಬಂದು ಕೈ ಚಾಚಿದರು.

ಅಧ್ಯಕ್ಷರು ರಿವಾಲ್ವರು ತೆಗೆದುಕೊಟ್ಟರು. ಕೊಡುವಾಗ ನಳಿಗೆ ಒಮ್ಮೆ ನನ್ನತ್ತ, ಒಮ್ಮೆ ಹೆಡ್ ಮಾಸ್ತರರತ್ತ ಓಡಾಡಿತು. ನಾವಿಬ್ಬರೂ ಬಗ್ಗಿದೆವು. ಆಕೆ ಅದನ್ನು ತೆಗೆದುಕೊಂಡು, ಬಾಗಿಲ ಹತ್ತಿರದ ಬೆಂಕಿ ಆರಿಸುವ ಮರಳಿನ ಬಕೆಟಿನತ್ತ ನಳಿಗೆ ಮಾಡಿ ಉರುಳೆ ತೆರೆದರು. ಐದು ಗುಂಡು, ಒಂದು ಸುಟ್ಟ ಖಾಲಿ ತೋಟಾ.

ಮಾದೇವಿಯ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಉಳಿಯಲಿಲ್ಲ.

ಅವಳು ಹೇಳಿಕೆ ಕೊಡುವ ಮೊದಲು ಅಧ್ಯಕ್ಷರು ಎರಡು ಸಲ ಆಸ್ಪತ್ರೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಹಣ್ಣಿನ ಚೀಲ ಇಟ್ಟು, ನಾನು ಬೇಕೆಂದು ಮಾಡಿದ್ದಲ್ಲ ಎಂಬುದನ್ನು ಪೊಲೀಸರಿಗೆ ಹೇಳಬೇಕು ಮಾದೇವಿ, ಎಂದು ಮೂರು ನಾಲ್ಕು ರೀತಿಯಲ್ಲಿ ಹೇಳಿದರು. ಅವಳು ಹೂಂ ಎಂದಳು. ಹೇಳಿಕೆ ಬರೆದುಕೊಳ್ಳುವ ದಿನ ಅವಳು ಹೇಳಿದ್ದನ್ನು ಡ್ರಿಲ್ ಮಾಸ್ತರರು ನನಗೆ ತಿಳಿಸಿದರು. ಅಧ್ಯಕ್ಷರು ಹೇಳಿಕೊಟ್ಟದ್ದನ್ನು ಅವಳು ಹೇಳಿಯೇ ಹೇಳಿದ್ದಳು, ಜೊತೆಗೆ ತನ್ನದೂ ಒಂದು ಸಾಲು ಸೇರಿಸಿದ್ದಳು.

"ಅವ್ರು ಬೇಕಂತ ಮಾಡಿದ್ದಲ್ಲ. ಆಗ್ಬಾರ್ದು ಅಂತ್ಲೂ ಎಂತದೂ ಮಾಡ್ಲಿಲ್ಲ."

ಮೊಕದ್ದಮೆ ಎರಡು ವರ್ಷ ನಡೆಯಿತು. ಅಧ್ಯಕ್ಷರು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬಂದರು. ಪರವಾನಗಿ ರದ್ದಾಯಿತು, ರಿವಾಲ್ವರು ಸರ್ಕಾರದ ಪಾಲಾಯಿತು. ಸುಳ್ಳು ಹೇಳಿಕೆಗೆ ಸಹಿ ಮಾಡಿದ ನಮ್ಮನ್ನು ಠಾಣೆಗೆ ಕರೆಸಿ, ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಬೈದು ಕಳಿಸಿದರು. ಬೈದ ಇನ್‌ಸ್ಪೆಕ್ಟರು ಪ್ರಾಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ಸಮ. ಗುಂಡು ಹಾರಿದ ಮರುತಿಂಗಳು, ಜೂನಿನಲ್ಲೇ, ಡ್ರಿಲ್ ಮಾಸ್ತರರ ಗುತ್ತಿಗೆ ನವೀಕರಣವಾಗಲಿಲ್ಲ. ಆಟದ ಶಿಕ್ಷಕರ ಅಗತ್ಯ ಸದ್ಯಕ್ಕಿಲ್ಲ ಎಂದು ಮಂಡಳಿ ಠರಾವು ಮಾಡಿತು. ಅವರು ಈಗ ಸೈನ್ಯಕ್ಕೆ ಸೇರಬಯಸುವವರಿಗೆ ಬೆಳಿಗ್ಗೆ ಸಮುದ್ರದಂಡೆಯಲ್ಲಿ ಓಟ ಕಲಿಸುತ್ತಾರೆ. ಅಧ್ಯಕ್ಷರು ಮಾತ್ರ ಅಧ್ಯಕ್ಷರಾಗಿಯೇ ಉಳಿದರು, ಸರ್ವಾನುಮತದಿಂದ. ನಾನು ಹೆಡ್ ಮಾಸ್ತರನಾದೆ. ಕುಕ್ಕರಿನ ಕಾಗದ ಬರೆದವನಿಗೆ ಬಡ್ತಿ, ಸತ್ಯ ಹೇಳಿದವರಿಗೆ ಸಮುದ್ರದಂಡೆ. ಹೀಗೆ ನಮ್ಮ ಶಾಲೆಯ ನೈತಿಕ ಶಿಕ್ಷಣ ಪೂರ್ತಿಯಾಯಿತು.

ವರ್ಷ ಕಳೆದಂತೆ ಅಧ್ಯಕ್ಷರ ಬಾಯಲ್ಲಿ ಆ ದಿನದ ಕತೆ ಬದಲಾಗುತ್ತಾ ಹೋಯಿತು. ಮೊದಲು ಬಿದ್ದದ್ದು ಬಂದೂಕಿನ ದೋಷ. ಆಮೇಲೆ ಅದು ಗಣಿತದ ಮಾಸ್ತರರ ಫೈಲಿನ ದೋಷ. ಕೊನೆಕೊನೆಗೆ, ಬೀಳುವುದನ್ನು ಕಂಡ ಅಧ್ಯಕ್ಷರು ತಕ್ಷಣ ಕೈ ಚಾಚಿ ಮಾದೇವಿಯನ್ನು ಪಕ್ಕಕ್ಕೆ ತಳ್ಳಿದ್ದರಿಂದಲೇ ಎದೆಗೆ ಬೀಳಬೇಕಾದ ಗುಂಡು ಕೈಗೆ ಬಿತ್ತು ಎಂದಾಯಿತು. ಕೇಳುವವರ ನಡುವೆ ನಾನೂ ಇರುತ್ತಿದ್ದೆ. ಅವರು ನನ್ನತ್ತ ನೋಡಿ, "ಹೌದಲಾ ಮಾಸ್ತರೆ?" ಎನ್ನುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಯಾವ ಕಡೆಗೆ ಎಂದು ಸ್ಪಷ್ಟವಾಗದ ಹಾಗೆ ತಲೆ ಆಡಿಸುವುದನ್ನು ಮೂವತ್ತು ವರ್ಷದ ನೌಕರಿ ನನಗೆ ಕಲಿಸಿತ್ತು.

ಒಮ್ಮೆ ಮಾತ್ರ ಅವರು ಬೇರೆ ಮಾತಾಡಿದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಒಂದು ಬೆರಳು ತೆಗೆಸಿಕೊಂಡು ಮನೆಯಲ್ಲಿದ್ದರು. ನೋಡಲು ಹೋಗಿದ್ದೆ. ಕಟ್ಟು ಹಾಕಿದ ಪಾದವನ್ನು ಬಹಳ ಹೊತ್ತು ನೋಡುತ್ತಿದ್ದು, "ಆ ಡ್ರಿಲ್ ಮಾಸ್ತರ ಐದೇ ತುಂಬಿ ಅಂದಿದ್ದ" ಎಂದರು. ನಾನು ಕಾದೆ. ಅಷ್ಟರಲ್ಲಿ ಅವರ ಹೆಂಡತಿ ಔಷಧ ತಂದರು, ಅದರ ಜೊತೆ ಹಳೆಯ ಅಧ್ಯಕ್ಷರೂ ವಾಪಸು ಬಂದರು. ಮಾತ್ರೆ ಬಾಯಿಗೆ ಹಾಕಿಕೊಂಡು, ಈಗಿನ ಪೊಲೀಸರಿಗೆ ದೊಡ್ಡವರ ಮರ್ಯಾದೆ ಗೊತ್ತಿಲ್ಲ ಎಂದು ಶುರುಮಾಡಿದರು.

ಶ್ರದ್ಧಾಂಜಲಿ ಸಭೆ ಶಾಲೆಯಲ್ಲೇ ನಡೆಯಿತು. ನಾನು ಹೋಗಿದ್ದೆ. ಒಬ್ಬೊಬ್ಬರಾಗಿ ಎದ್ದು ಅವರ ಧೈರ್ಯವನ್ನು ಹೊಗಳಿದರು. ಹಾವಿನ ಕತೆ ಬಂತು, ಅದರಲ್ಲಿ ಕಾರು ಇರಲಿಲ್ಲ. ನನ್ನನ್ನೂ ಮಾತಾಡಲು ಕರೆದರು. ಅವರು ಪ್ರತಿ ಮಗುವಿನ ಅಪ್ಪನ ಹೆಸರು ಬಲ್ಲವರಾಗಿದ್ದರು ಎಂದು ಹೇಳಿ ಕೂತೆ, ಅದು ಸುಳ್ಳಲ್ಲದ ಮಾತು. ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಚಹಾ ಕೋಣೆಗೆ ಹೋದೆ. ಮಾದೇವಿ ಮೂರು ಬೆರಳಿನ ಎಡಗೈಯಲ್ಲಿ ಗ್ಲಾಸು ಹಿಡಿದು ತೊಳೆಯುತ್ತಿದ್ದಳು. ಮುಂದಿನ ವರ್ಷ ಅವಳಿಗೂ ನಿವೃತ್ತಿ.

ಇಷ್ಟು ವರ್ಷ ಅವಳ ಮುಂದೆ ಆಡದ ಮಾತನ್ನು ಆಡಿಬಿಟ್ಟೆ. ಕುಕ್ಕರಿನ ಕಾಗದ ಬರೆದದ್ದು ನಾನು ಎಂದೆ. ಅದಕ್ಕೂ ಮೂರು ತಿಂಗಳ ಮೊದಲೇ ಅದು ಬಿದ್ದರೆ ಗುಂಡು ಹಾರುತ್ತದೆ, ಅಧ್ಯಕ್ಷರಿಗೆ ನೀವೂ ಹೇಳಿ ಎಂದು ಡ್ರಿಲ್ ಮಾಸ್ತರರು ನನ್ನನ್ನು ಕೇಳಿದ್ದರು, ನಾನು ಹೇಳಲಿಲ್ಲ, ಎಂದೂ ಹೇಳಿದೆ.

ಅವಳು ಕೈಯಲ್ಲಿದ್ದ ಗ್ಲಾಸನ್ನು ತೊಳೆದು ಮುಗಿಸಿ, ಬೋರಲು ಇಟ್ಟಳು.

"ಕಾಗದದ್ದು ಗೊತ್ತಿತ್ತು ಮಾಸ್ತರೆ. ಪೊಲೀಸಮ್ಮ ಓದಿ ಹೇಳಿದ್ರು. ಚಲೋ ಬರ್ದಿದ್ರಿ, ನನ್ನ ಕೈಯಲ್ದೆ ಬೇರೆಯವ್ರ ಕೈ ಆಗಿದ್ರೆ ನಾನೂ ನಂಬ್ತಿದ್ದೆ" ಎಂದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಇನ್ನೊಂದು ಹೇಳಿದ್ರಲಾ, ಅದು ಗೊತ್ತಿರ್ಲಿಲ್ಲ" ಎಂದಳು.

ನಾನು ಅಲ್ಲೇ ನಿಂತಿದ್ದೆ. ಅವಳು ದೀಪ ಆರಿಸಿ, ಬಾಗಿಲು ಹಾಕಬೇಕು, ಹೊರಗೆ ಹೋಗಿ ಎಂದಳು.